ನಗಾರಿ, ಅರಳೆ ಮತ್ತು ನಾಲ್ಕು ಹನಿ ನಿಂಬೆರಸ

ಹೂವಿನ ಸಗಟು ಮಾರುಕಟ್ಟೆಯಲ್ಲಿ ನಗಾರಿಯನ್ನು ಕಣ್ಣಾರೆ ಕಾಣದವರು ಇದ್ದಾರು, ಕಿವಿಯಾರೆ ಕೇಳದವರು ಯಾರೂ ಇರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅವಳು ತಮ್ಮ ಹೂವಿನ ಮಂಡಿಯ ಮುಂದಿನ ಮರದ ಪೆಟ್ಟಿಗೆಯ ಮೇಲೆ ನಿಂತು ಹರಾಜು ಕೂಗತೊಡಗಿದರೆ, ಮಾರುಕಟ್ಟೆಯ ಆಚೆ ತುದಿಯಲ್ಲಿ ಚಹಾ ಕಾಸುವವನು "ಹೂಂ, ಬೆಳಗಾಯ್ತು" ಅನ್ನುತ್ತಿದ್ದ. "ಗುಲಾಬಿ ನೋಡ್ರಪ್ಪಾ ಗುಲಾಬಿ, ಕಣ್ಣು ಬಿಟ್ಟು ನೋಡಿ, ಕೈ ಬಿಚ್ಚಿ ಕೂಗಿ" ಎಂದು ಎತ್ತಿಕೊಂಡಳೆಂದರೆ ತೂಕಡಿಸುತ್ತ ಬಂದವರೂ ನೆಟ್ಟಗೆ ನಿಲ್ಲಬೇಕು. ಬಲಗೈ ಗಾಳಿಯಲ್ಲಿ, ಎಡಗೈ ಬೆನ್ನ ಹಿಂದೆ. ಹಾಗೆ ನಿಲ್ಲುವುದು ಅವಳ ಠೀವಿ ಅಂತಲೇ ಎಲ್ಲರ ಲೆಕ್ಕ.

ಆ ಪೆಟ್ಟಿಗೆಯ ಕೆಳಗೆ, ಬಕೆಟ್ಟುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹೂವು ವಿಂಗಡಿಸುವವಳು ಅರಳೆ. ನಗಾರಿಯ ತಂಗಿ. ತಂಗಿ ಅಂದರೆ ಎಷ್ಟು ತಂಗಿ ಅಂತೀರಿ? ಒಂದೇ ಬಸಿರು, ಒಂದೇ ಬೆಳಗು, ಬಿಸಿ ಚಹಾ ಆರಿಸಿಕೊಂಡು ಕುಡಿಯುವಷ್ಟು ಹೊತ್ತಿನ ವ್ಯತ್ಯಾಸ. ಅವಳಿಗಳು. ಅದೇ ಮೂಗು, ಅದೇ ಹುಬ್ಬು, ಅದೇ ಎತ್ತರ. ಐವತ್ತು ದಾಟಿದ ಮೇಲೆ ಕೂದಲು ನರೆತದ್ದು ಕೂಡ ಇಬ್ಬರಿಗೂ ಎಡಗಿವಿಯ ಮೇಲೆಯೇ. ಬಾಯಿ ಮಾತ್ರ ಬೇರೆ ಬೇರೆ. ಒಬ್ಬಳದು ಮುಚ್ಚಿದ್ದನ್ನು ಕಂಡವರಿಲ್ಲ, ಇನ್ನೊಬ್ಬಳದು ಊಟಕ್ಕೆ ಹೊರತು ತೆರೆದಿದ್ದನ್ನು ಕಂಡವರಿಲ್ಲ. ಆ ಹೆಸರುಗಳು ಮನೆಯವರೇ ಇಟ್ಟದ್ದು, ಕೊನೆಗೆ ಮಾರುಕಟ್ಟೆಯಲ್ಲೂ ಅವೇ ನಿಂತವು. ನಿಜವಾದ ಹೆಸರುಗಳು ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿದುಹೋದವು.

ಮನೆಯಲ್ಲಿ ಇದ್ದದ್ದು ಮೂವರು. ಗಂಡನನ್ನು ಕಳೆದುಕೊಂಡ ನಗಾರಿ, ಮದುವೆಯೇ ಆಗದ ಅರಳೆ, ಇವರಿಬ್ಬರನ್ನೂ ಎತ್ತಿ ಆಡಿಸಿದ ಚಿಕ್ಕಮ್ಮ. ಚಿಕ್ಕಮ್ಮನ ಬಳಿ ಒಂದು ಕತೆಯಿತ್ತು. ಮನೆಗೆ ಯಾರೇ ಬರಲಿ, ಅವರ ಕೈಗೆ ಚಹಾ ಕೊಡುವ ಮೊದಲು ಅದು ಹೊರಗೆ ಬಂದೇ ಬರುತ್ತಿತ್ತು.

"ಮೊದಲು ಹುಟ್ಟಿದ್ದಕ್ಕೆ ಗುರುತಿರ್ಲಿ ಅಂತ ಕಾಲಿಗೊಂದು ಕೆಂಪು ದಾರ ಕಟ್ಟಿದ್ರು ನಮ್ಮಕ್ಕ. ಒಂದಿನ ನಾನು ಸ್ನಾನ ಮಾಡಿಸ್ತಾ ಇದ್ದೆ, ದಾರ ಬಿಚ್ಕೊಂಡು ನೀರಿಗೆ ಬಿತ್ತು. ಯಾವುದರ ಕಾಲಿಂದು ಅಂತ ಹೇಳ್ಲಿ? ಎರಡೂ ಮೀನಿನ ಹಾಗೆ ಜಾರ್ತಿದ್ವು. ಒಂದು ಸೂರು ಹಾರೋ ಹಾಗೆ ಕಿರುಚ್ತಿತ್ತು, ಇನ್ನೊಂದು ಹಾಲು ಕುಡಿದ ಮಂಪರಲ್ಲಿ ಸುಮ್ಮನಿತ್ತು. ಕಿರುಚೋದೇ ದೊಡ್ಡದಿರಬೇಕು ಅಂತ ಅದರ ಕಾಲಿಗೇ ಕಟ್ಟಿಬಿಟ್ಟೆ. ಅವತ್ತು ಹಿಡಿದ ರಾಗ, ಇವತ್ತಿಗೂ ಬಿಟ್ಟಿಲ್ಲ ನೋಡಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಾರಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅರಳೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ಕತೆಯಲ್ಲಿ ನಗುವುದಕ್ಕಿಂತ ಹೆಚ್ಚಿನದೇನೋ ಇದೆ ಅಂತ ಯಾರಿಗೂ ಅನಿಸಿರಲಿಲ್ಲ. ದಾರ ಯಾರ ಕಾಲಲ್ಲಿತ್ತೋ ಅವಳಿಗೆ "ನೀನು ದೊಡ್ಡವಳು, ನೀನೇ ಹೇಳು" ಅಂದರು. ಇನ್ನೊಬ್ಬಳಿಗೆ "ಪಾಪ, ಅದು ಮಾತಾಡಲ್ಲ, ಬಿಡಿ" ಅಂದರು. ಶಾಲೆಯಲ್ಲಿ ಪ್ರಶ್ನೆ ಕೇಳಿದರೆ ಅಕ್ಕ ಎದ್ದು ನಿಲ್ಲುತ್ತಿದ್ದಳು. ಅಂಗಡಿಗೆ ಕಳಿಸಿದರೆ ಅಕ್ಕ ಕೇಳುತ್ತಿದ್ದಳು, ತಂಗಿ ಚೀಲ ಹಿಡಿಯುತ್ತಿದ್ದಳು. ಬಹಳ ಹಿಂದೆ ಒಮ್ಮೆ ಹೂವಿನ ಗಾಡಿಯ ಡ್ರೈವರೊಬ್ಬ, ಒಳ್ಳೆಯ ಮನುಷ್ಯ, ಅರಳೆಯ ಎದುರೇ ನಿಂತು "ನಿಮಗೆ ಒಪ್ಪಿಗೆಯಿದ್ದರೆ ಮನೆಯಲ್ಲಿ ಬಂದು ಕೇಳಲಾ" ಅಂದಿದ್ದ. ಅರಳೆಯ ಎದೆ ಡವಡವ ಎಂದಿತು. ಕಾಂಡ ಕತ್ತರಿಸುವ ಕತ್ತರಿ ಕೈಯಲ್ಲೇ ಉಳಿಯಿತು. ಅವಳು ಮಾತು ಹುಡುಕಿಕೊಳ್ಳುವಷ್ಟರಲ್ಲಿ ಪೆಟ್ಟಿಗೆಯ ಮೇಲಿಂದ ನಗಾರಿ ಅಂದಳು: "ಅವಳಿಗೆ ಅದೆಲ್ಲ ಇಷ್ಟ ಇಲ್ಲಪ್ಪ. ನನಗೆ ಗೊತ್ತು."

ಅರಳೆ ಮತ್ತೆ ಕಾಂಡ ಕತ್ತರಿಸತೊಡಗಿದಳು. ತನ್ನದು ಹುಟ್ಟು ಗುಣ, ಹೆದರುಪುಕ್ಕಲು ರಕ್ತ, ಏನು ಮಾಡಲಾಗುತ್ತೆ ಅಂದುಕೊಂಡಳು. ಹಾಗಂದುಕೊಳ್ಳುವುದು ಚಳಿಯಲ್ಲಿ ಕಂಬಳಿ ಹೊದ್ದ ಹಾಗಿತ್ತು. ಒಳಗೆ ಸೆಖೆಯಾದರೂ ಹೊರಗೆ ಬರಲು ಮನಸ್ಸಿಲ್ಲ.

ಇಂಥ ನಗಾರಿಯ ದನಿ ಒಡೆಯಿತು. ಮೊದಲು ಶೀತ ಅಂದರು. ಆಮೇಲೆ ಧೂಳು ಅಂದರು. ಬಿಸಿನೀರು, ಜೇನುತುಪ್ಪ, ಚಿಕ್ಕಮ್ಮನ ಕಷಾಯ ಎಲ್ಲವೂ ಆಯಿತು. ಕೊನೆಗೆ ಆಸ್ಪತ್ರೆಯಲ್ಲಿ ಗಂಟಲಿನ ಡಾಕ್ಟರು ಮೂಗಿನೊಳಗಿಂದ ತೆಳ್ಳನೆಯ ನಳಿಗೆ ಇಳಿಸಿ ನೋಡಿ, ದನಿ ಹುಟ್ಟುವ ಜಾಗದಲ್ಲೇ ಗಂಟು ಬೆಳೆದಿದೆ, ತೆಗೆಯಲೇಬೇಕು ಅಂದರು. ತೆಗೆದ ಮೇಲೆ ಕೆಲವು ವಾರ ಪಿಸುಮಾತು ಕೂಡ ಆಡುವಂತಿಲ್ಲ. "ಗಾಯ ಮಾಯುವ ಮೊದಲು ಒಂದೇ ಒಂದು ಸಲ ಕೂಗಿದರೂ ದನಿ ಶಾಶ್ವತವಾಗಿ ಹೋದೀತು. ಆಮೇಲೆ ನನ್ನನ್ನು ಬೈಯಬೇಡಿ" ಎಂದರು.

ಮನೆಯಲ್ಲಿ ಕೂತರೆ ಮಂಡಿ ನಡೆಯುವುದು ಹೇಗೆ? ಎರಡು ವಾರ ಹರಾಜು ನಿಂತ ಮಂಡಿಯನ್ನು ಬೇರೆಯವರಿಗೆ ಕೊಡುವುದು ಮಾರುಕಟ್ಟೆಯ ಕಮಿಟಿಯವರ ನಿಯಮ. ಬಾಡಿಗೆಗೆ ಕೂಗುವವನೊಬ್ಬನನ್ನು ಹಿಂದೊಮ್ಮೆ ಇಟ್ಟು ನೋಡಿದ್ದರು. ಅವನು ಕೊಳ್ಳುವವರ ಜೊತೆ ಒಳಗೊಳಗೇ ಸೇರಿಕೊಂಡು ಚೆನ್ನಾಗಿ ಟೋಪಿ ಹಾಕಿ ಹೋಗಿದ್ದ. ಉಳಿದವಳು ಅರಳೆ. ಆ ಮಾತು ಬಂದಾಗ ನಗಾರಿ ಒಡೆದ ದನಿಯಲ್ಲೇ ನಕ್ಕುಬಿಟ್ಟಳು. "ಇವಳಾ? ಇವಳು ಕೂಗೋದು ಹೂವಿಗೂ ಕೇಳಿಸಲ್ಲ. ಆಪರೇಷನ್ ಮುಂದಕ್ಕೆ ಹಾಕೋಣ, ಸುಗ್ಗಿ ಮುಗೀಲಿ." ಒಮ್ಮೆ ಮುಂದಕ್ಕೆ ಹಾಕಿಯೂ ಆಯಿತು. ಡಾಕ್ಟರು ಎರಡನೆಯ ದಿನಾಂಕ ಕೊಡುವಾಗ ಮುಖ ಗಂಟಿಕ್ಕಿಕೊಂಡರು.

ಆ ದಿನಾಂಕ ಪಡೆದುಕೊಂಡು ಹೊರಗೆ ಬರುವಾಗಲೇ ಆಸ್ಪತ್ರೆಯ ಗೋಡೆಯ ಮೇಲೆ ಒಂದು ಕಾಗದ ಕಂಡದ್ದು. ಪಕ್ಕದ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ್ದು. 'ಅವಳಿಗಳು ಬೇಕಾಗಿದ್ದಾರೆ.'

"ಅಯ್ಯೋ, ನಾವೇನು ಕಳೆದುಹೋಗಿದ್ವಾ?" ಎಂದು ನಗಾರಿ ತಂಗಿಯ ಕೈ ಹಿಡಿದು ಎಳೆದುಕೊಂಡೇ ಹೋದಳು. ಮಧ್ಯಾಹ್ನದ ಊಟವೂ ಬಸ್ಸಿನ ಖರ್ಚೂ ಕೊಡುತ್ತಾರೆ ಅಂತ ಅದರಲ್ಲಿ ಬರೆದಿತ್ತು.

ವಿಭಾಗದಲ್ಲಿ ಸಿಕ್ಕಿದ್ದು ಸಂಶೋಧನೆ ಮಾಡುವ ಒಬ್ಬ ಹುಡುಗಿ. ದೊಡ್ಡ ಕನ್ನಡಕ, ಬಾಚಣಿಗೆಗೆ ಬಗ್ಗದ ಕೂದಲು, ಎಲ್ಲವನ್ನೂ ಎರಡೆರಡು ಸಲ ಹೇಳುವ ಅಭ್ಯಾಸ. ಮನುಷ್ಯರ ಸ್ವಭಾವ ಎಷ್ಟು ಮೈಯಿಂದ ಬರುತ್ತದೆ, ಎಷ್ಟು ಬದುಕಿದ ರೀತಿಯಿಂದ ಬರುತ್ತದೆ ಎಂದು ತಾನು ನೋಡುತ್ತಿದ್ದೇನೆ ಅಂದಳು. ಇಬ್ಬರ ಮುಂದೆಯೂ ಪ್ರಶ್ನೆಗಳ ಹಾಳೆ ಇಟ್ಟಳು. ನಗಾರಿ ತನ್ನದನ್ನು ಚಕಚಕ ತುಂಬಿ, ತಂಗಿಯ ಹಾಳೆಯನ್ನೂ ತನ್ನ ಕಡೆಗೆ ಎಳೆದುಕೊಂಡು ಗುರುತು ಹಾಕಲು ಕೂತಳು.

"ಅಮ್ಮಾ, ಅದು ಅವರೇ ತುಂಬಬೇಕು."

"ಅವಳದು ನನಗೆ ಗೊತ್ತಮ್ಮ. ಅವಳನ್ನ ಕೇಳಿದ್ರೆ ಸಾಯಂಕಾಲ ಆಗತ್ತೆ."

ಹುಡುಗಿ ಮೆತ್ತಗೆ, ಆದರೆ ಬಿಡದೆ, ನಗಾರಿಯನ್ನು ಇನ್ನೊಂದು ಕೋಣೆಗೆ ಕಳಿಸಿ ಬಾಗಿಲು ಹಾಕಿದಳು. ಅರಳೆ ಒಬ್ಬಳೇ ಉಳಿದಳು. "ನಿಮಗೆ ಕುಡಿಯೋಕೆ ಚಹಾನಾ, ಕಾಫಿನಾ?" ಎಂದು ಹುಡುಗಿ ಕೇಳಿದಾಗ ಅವಳ ಕಣ್ಣು ತಾನಾಗಿ ಮುಚ್ಚಿದ ಬಾಗಿಲ ಕಡೆ ಹೋಯಿತು. ಅದು ಹುಡುಗಿಗೂ ಕಂಡಿತು, ಅರಳೆಗೂ ಗೊತ್ತಾಯಿತು. ಇಷ್ಟು ವಯಸ್ಸಾದ ಮೇಲೆ, ನನಗೆ ಯಾವುದು ಬೇಕು ಅಂತ ಅಕ್ಕನನ್ನು ಕೇಳಲು ಹೊರಟಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಕಾಫಿ" ಎಂದಳು. ಮನೆಯಲ್ಲಿ ಯಾವಾಗಲೂ ಚಹಾ.

ಪ್ರಶ್ನೆಗಳು ಸುಲಭವಾಗಿದ್ದವು, ಉತ್ತರ ಕಷ್ಟವಾಗಿತ್ತು. ಹೊಸಬರ ಜೊತೆ ಮಾತು ಶುರು ಮಾಡುವುದು ನಿಮಗೆ ಕಷ್ಟವೇ? ಗುಂಪಿನಲ್ಲಿ ನೀವು ಹಿಂದೆ ಸರಿದು ನಿಲ್ಲುತ್ತೀರಾ? ಕೊನೆಯಲ್ಲಿ ಒಂದು ಉದ್ದ ಗೆರೆ. ಹತ್ತಾರು ಜನರ ಮುಂದೆ ಗಟ್ಟಿಯಾಗಿ ಮಾತಾಡಬೇಕಾಗಿ ಬಂದರೆ ಆಡಬಲ್ಲೆ ಎಂದು ನಿಮಗೆ ಎಷ್ಟು ನಂಬಿಕೆಯಿದೆ, ಗೆರೆಯ ಮೇಲೆ ಗುರುತು ಮಾಡಿ. ಅರಳೆ ಗೆರೆ ಶುರುವಾಗುವ ಕಡೆಯೇ, ಸೊನ್ನೆಯ ಮೇಲೆ ಗುರುತು ಹಾಕಿದಳು. ಇನ್ನೂ ಎಡಕ್ಕೆ ಜಾಗವಿದ್ದರೆ ಅಲ್ಲೇ ಹಾಕುತ್ತಿದ್ದಳು.

ಆಮೇಲೆ ಬಂದದ್ದು ನಿಂಬೆರಸ. ಎರಡೂ ತುದಿಗೆ ಹತ್ತಿಯಿದ್ದ ಕಡ್ಡಿಯೊಂದರ ನಡುವಿಗೆ ಹುಡುಗಿ ದಾರ ಕಟ್ಟಿದಳು. ದಾರ ಹಿಡಿದು ಎತ್ತಿದರೆ ತಕ್ಕಡಿಯ ಹಾಗೆ ಸಮನಾಗಿ ನಿಂತಿತು. ಒಂದು ತುದಿಯನ್ನು ಅರಳೆಯ ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಡಿಸಿ ತೆಗೆದಳು. ನಾಲಿಗೆಗೆ ನಾಲ್ಕು ಹನಿ ನಿಂಬೆರಸ ಬಿಟ್ಟು, ಇನ್ನೊಂದು ತುದಿಯನ್ನು ಅಷ್ಟೇ ಹೊತ್ತು ಇಡಿಸಿದಳು. ಈಗ ಎತ್ತಿದರೆ ಕಡ್ಡಿ ಒಂದು ಕಡೆಗೆ ಧಡಕ್ಕನೆ ವಾಲಿತು.

"ಜೊಲ್ಲು ಜಾಸ್ತಿ ಬಂದಿದೆ. ಕೆಲವರ ನರಗಳು ಬೇಗ ಎಚ್ಚೆತ್ತುಕೊಳ್ತವೆ, ಬೇಗ. ಹುಳಿ, ಸದ್ದು, ಜನ, ಎಲ್ಲದಕ್ಕೂ. ಅಂಥವರು ಗದ್ದಲದಿಂದ ದೂರ ಇರೋಕೆ ಇಷ್ಟಪಡ್ತಾರೆ ಅಂತ ಒಂದು ವಾದ ಇದೆ" ಎಂದು ಹುಡುಗಿ ವಿವರಿಸಿದಳು. ಅರಳೆಗೆ ಒಳಗೊಳಗೇ ಸಮಾಧಾನವಾಯಿತು. ನೋಡಿದಿರಾ, ಜೊಲ್ಲಿನಲ್ಲೇ ಬರೆದಿದೆ, ನನ್ನ ತಪ್ಪೇನೂ ಇಲ್ಲ. ಕೊನೆಗೆ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಹೇಳದೆ ಕೇಳದೆ ಒಂದು ಸೈರನ್ ಕೂಗಿಸಿ, ಎದೆಬಡಿತದ ಗೆರೆ ತೆಗೆದುಕೊಂಡಳು. ಅರಳೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದಳು.

ನಗಾರಿಗೂ ಇವೇ ಪರೀಕ್ಷೆಗಳು ಆದವು. ಊಟವಾದ ಮೇಲೆ, ಇಬ್ಬರದನ್ನೂ ಒಟ್ಟಿಗೆ ತೋರಿಸಬಹುದಾ ಎಂದು ಹುಡುಗಿ ಒಬ್ಬೊಬ್ಬರನ್ನೇ ಕೇಳಿದಳು. ಇಬ್ಬರೂ ಆಗಲಿ ಎಂದರು. ಪ್ರಶ್ನೆಗಳ ಉತ್ತರ ನೋಡಿದರೆ ಭೂಮಿಗೂ ಆಕಾಶಕ್ಕೂ ಇರುವಷ್ಟು ಅಂತರ. ಒಬ್ಬಳ ಗುರುತುಗಳೆಲ್ಲ ಬಲಕ್ಕೆ, ಒಬ್ಬಳವೆಲ್ಲ ಎಡಕ್ಕೆ. ನಗಾರಿ ಹೆಮ್ಮೆಯಿಂದ ಮೂಗು ಏರಿಸಿದಳು. ಆಮೇಲೆ ಹುಡುಗಿ ದಾರ ಕಟ್ಟಿದ ಎರಡು ಕಡ್ಡಿಗಳನ್ನು ಒಟ್ಟಿಗೆ ಎತ್ತಿ ಹಿಡಿದಳು. ಎರಡೂ ಒಂದೇ ಕಡೆಗೆ, ಒಂದೇ ಸಮ ವಾಲಿದ್ದವು. ಎದೆಬಡಿತದ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಸೈರನ್ ಕೂಗಿದಲ್ಲಿ ಗೆರೆ ಗುಡ್ಡದ ಹಾಗೆ ಎದ್ದಿತ್ತು. ಒಂದೇ ಗುಡ್ಡ. ಎರಡು ಹಾಳೆ ಇದೆ ಅಂತ ಗೊತ್ತಿಲ್ಲದಿದ್ದರೆ ಒಬ್ಬರದೇ ಅನ್ನಬೇಕು.

"ಒಂದು ಜೋಡಿಯಿಂದ ಏನೂ ಸಾಬೀತಾಗಲ್ಲ, ಏನೂ ಆಗಲ್ಲ" ಎಂದಳು ಹುಡುಗಿ. "ನಮ್ಮ ಪ್ರೊಫೆಸರು ಎಲ್ಲಾ ರಕ್ತದಲ್ಲೇ, ನರದಲ್ಲೇ ಇದೆ ಅಂತಾರೆ. ಇನ್ನು ಕೆಲವರು, ನಾವು ಏನು ನೋಡ್ತೀವಿ, ಏನು ಮಾಡ್ತೀವಿ, ನಮ್ಮ ಕೈಲಿ ಏನಾಗತ್ತೆ ಅಂತ ನಂಬ್ತೀವಿ, ಅದರಿಂದ್ಲೇ ನಾವಾಗೋದು ಅಂತಾರೆ. ನಾನು ಮಧ್ಯದಲ್ಲಿ ಇದ್ದೀನಿ. ಆದ್ರೆ ನೋಡಿ, ಬೆಚ್ಚಿಬೀಳೋದ್ರಲ್ಲಿ ನಿಮ್ಮಿಬ್ಬರ ಮೈಗೂ ಏನೂ ವ್ಯತ್ಯಾಸ ಇಲ್ಲ."

"ನಾನು ಬೆಚ್ಚಿಬೀಳೋದಾ? ನಿನ್ನ ಯಂತ್ರ ಕೆಟ್ಟಿದೆ, ರಿಪೇರಿ ಮಾಡಿಸಮ್ಮ" ಎಂದಳು ನಗಾರಿ. ನಗುತ್ತಲೇ ಅಂದಳು. ಆದರೆ ಆ ನಗು ಅರೆಗಳಿಗೆ ತಡವಾಗಿ ಬಂದದ್ದು ಅರಳೆಯ ಕಿವಿಗೆ ಬಿತ್ತು. ಅಕ್ಕನ ನಗುವನ್ನು ಜೀವಮಾನವಿಡೀ ಕೆಳಗೆ ಕೂತು ಕೇಳಿದವಳು ಅವಳು.

ಹೊರಡುವಾಗ ಅಕ್ಕ ಚಪ್ಪಲಿ ಹಾಕಿಕೊಳ್ಳುವ ಸಮಯ ನೋಡಿ ಅರಳೆ ಹುಡುಗಿಯನ್ನು ಕೇಳಿದಳು. "ನಾನು ಕೂಗಬಹುದಾ? ಹರಾಜು?"

ಹುಡುಗಿ ಕನ್ನಡಕ ಸರಿಮಾಡಿಕೊಂಡಳು. "ಅದನ್ನ ನಾನು ಹೇಳೋಕಾಗಲ್ಲ. ಆ ಗೆರೆ ಮೇಲಿನ ಗುರುತು ಯಾರೋ ಹೇಳಿದ್ರೆ ಮುಂದಕ್ಕೆ ಹೋಗಲ್ಲ. ಮಾಡಿದ್ರೆ ಹೋಗತ್ತೆ. ಸಣ್ಣದರಿಂದ ಶುರು ಮಾಡಿ, ಸಣ್ಣದರಿಂದ."

ಬಸ್ಸಿನಲ್ಲಿ ಅರಳೆ ಕಿಟಕಿಯಾಚೆ ನೋಡುತ್ತ ಕೂತಳು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಬಂತು. ಹೊದ್ದುಕೊಂಡಿದ್ದ ಕಂಬಳಿಯನ್ನು ಯಾರೋ ಎಳೆದು ಬಿಸಾಡಿದ ಹಾಗಾಯಿತು. ಇಬ್ಬರ ಮೈಯೂ ಒಂದೇ ಆದರೆ ಆ ಡ್ರೈವರನಿಗೆ ಉತ್ತರ ಹೇಳಲು ತನ್ನಿಂದಲೂ ಆಗುತ್ತಿತ್ತು. ಶಾಲೆಯಲ್ಲಿ ಎದ್ದು ನಿಲ್ಲಲು ಆಗುತ್ತಿತ್ತು. ಎಲ್ಲ ತಪ್ಪಿಸಿದ್ದು ಯಾರದೋ ಕಾಲಿನ ಒಂದು ತುಂಡು ದಾರ.

ಮನೆಗೆ ಬಂದವಳೇ ಕೇಳಿದಳು. "ಅಕ್ಕಾ, ಪೆಟ್ಟಿಗೆ ಮೇಲೆ ನಿಂತಾಗ ನಿನಗೆ ಹೆದರಿಕೆ ಆಗತ್ತಾ?"

"ನನಗಾ? ಹೆದರಿಕೆನಾ? ಹುಚ್ಚು ಹಿಡೀತೇನೇ ನಿಂಗೆ?"

"ಆ ಡ್ರೈವರು ಕೇಳಿದಾಗ ನೀನ್ಯಾಕೆ ಉತ್ತರ ಹೇಳಿದೆ?"

ಕಾಲು ತೊಳೆಯುತ್ತಿದ್ದ ನಗಾರಿ ಹಾಗೇ ನಿಂತಳು. ಚಿಕ್ಕಮ್ಮ ಒಲೆಯ ಮೇಲಿನ ಪಾತ್ರೆಯನ್ನು ಇಳಿಸದೆ ಹಾಗೇ ಹಿಡಿದುಕೊಂಡಳು. ಇಷ್ಟು ವರ್ಷ ಆ ಮಾತು ಈ ಮನೆಯಲ್ಲಿ ಒಮ್ಮೆಯೂ ಎದ್ದಿರಲಿಲ್ಲ.

"ನೀನು ಹೇಳಲ್ಲ ಅಂತ..." ಎಂದಳು ನಗಾರಿ. ಒಡೆದ ದನಿ ಮುಂದಕ್ಕೆ ಹೋಗಲಿಲ್ಲ. ಗಂಟಲೋ, ಮಾತೋ, ಯಾವುದು ಕೈಕೊಟ್ಟಿತೋ ತಿಳಿಯಲಿಲ್ಲ.

"ಹೇಳ್ತಿದ್ದೆ" ಎಂದಳು ಅರಳೆ. "ಸ್ವಲ್ಪ ಹೊತ್ತು ಬೇಕಿತ್ತು, ಅಷ್ಟೇ. ಈ ಸಲ ಆಪರೇಷನ್ ಮುಂದಕ್ಕೆ ಹಾಕೋ ಹಾಗಿಲ್ಲ. ನಾನು ಕೂಗ್ತೀನಿ."

ಸಣ್ಣದರಿಂದ ಶುರುವಾಯಿತು. ಮಂಡಿಯ ಹಿಂದಿನ ತಣ್ಣನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅರಳೆ ಬಕೆಟ್ಟುಗಳಿಗೆ ಹರಾಜು ಕೂಗಿದಳು. ಅಕ್ಕನ ಮಾತುಗಳೆಲ್ಲ ಅವಳಿಗೆ ಬಾಯಿಪಾಠ. ಎಲ್ಲಿ ಎಳೆಯಬೇಕು, ಎಲ್ಲಿ ಕತ್ತರಿಸಬೇಕು, ಬೆಲೆ ಏರದಿದ್ದಾಗ ಯಾರ ಮೀಸೆಯ ಬಗ್ಗೆ ತಮಾಷೆ ಮಾಡಬೇಕು, ಎಲ್ಲವೂ ಗೊತ್ತು. ಬಕೆಟ್ಟುಗಳ ನಂತರ ಚಿಕ್ಕಮ್ಮ ಒಬ್ಬಳೇ ಗಿರಾಕಿಯಾಗಿ ಕೂತಳು. "ಸೇವಂತಿಗೆಗೆ ಇಷ್ಟು ಬೆಲೆನಾ? ಹೋಗೇ, ನಾನು ಕೊಳ್ಳಲ್ಲ" ಎಂದು ಅವಳು ಜಗಳಕ್ಕೇ ನಿಂತಾಗ ಅರಳೆಗೆ ನಗು ಬಂತು, ನಗುವಿನ ಹಿಂದೆಯೇ ದನಿಯೂ ಬಂತು. ಆಮೇಲೆ ಕೋಣೆಯ ಬಾಗಿಲಲ್ಲಿ ಚಹಾದವನು, ಹಮಾಲರಿಬ್ಬರು. ಒಂದು ದಿನ ಚೆನ್ನಾಗಿ ಆಗುತ್ತಿತ್ತು, ಮರುದಿನ ಬಾಯಿ ಒಣಗಿ ಅರ್ಧಕ್ಕೇ ಕೋಣೆಯೊಳಗೆ ಓಡಿಹೋಗುತ್ತಿದ್ದಳು. ನಗಾರಿ ಇದನ್ನೆಲ್ಲ ನೋಡಿಯೂ ನೋಡದವಳ ಹಾಗೆ ಇದ್ದಳು. ಸರಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಆಪರೇಷನ್ ಆಯಿತು. ನಗಾರಿ ಹೆಗಲಿಗೆ ಒಂದು ಸ್ಲೇಟು ತೂಗುಹಾಕಿಕೊಂಡು ಮನೆಗೆ ಬಂದಳು. ಮನೆ ಬಿಕೋ ಅನ್ನುತ್ತಿತ್ತು. ಇನ್ನೂ ಕೆಲವು ದಿನ ಹಾಸಿಗೆ ಬಿಡಬೇಡ ಅಂದರೂ ಕೇಳದೆ, ಹರಾಜಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದಳು. ಸ್ಲೇಟಿನಲ್ಲಿ ಬರೆದಿದ್ದಳು: 'ಸುಮ್ಮನೆ ಕೂತಿರ್ತೀನಿ.'

ಸುಮ್ಮನೆ ಕೂರುವ ಹೆಂಗಸಾ ಅವಳು?

ಮಾರುಕಟ್ಟೆಯಲ್ಲಿ ಆಗಲೇ ಸುದ್ದಿ ಹರಡಿತ್ತು. ಅರಳೆ ಕೂಗುತ್ತಾಳಂತೆ. ಕೊಳ್ಳುವ ಕೆಲಸವಿಲ್ಲದವರೂ ನೋಡಲು ಬಂದು ನಿಂತಿದ್ದರು. ಮುಂದಿನ ಸಾಲಿನಲ್ಲಿ ಹೋಟೆಲುಗಳಿಗೆ ಹೂವಿನ ಅಲಂಕಾರ ಮಾಡುವ ಮೀಸೆಯವರೊಬ್ಬರು, ಹಾರ ಕಟ್ಟುವ ಹೆಂಗಸರು, ಅವರ ಹಿಂದೆ ಒಂದಿಷ್ಟು ಹೊಸ ಮುಖಗಳು. ಅರಳೆ ಪೆಟ್ಟಿಗೆ ಏರಿದಳು. ಮೇಲಿಂದ ಎಲ್ಲವೂ ಬೇರೆಯೇ ಕಂಡಿತು. ತಲೆಗಳು, ತಲೆಗಳು, ಎಲ್ಲ ಅವಳ ಕಡೆಗೇ ತಿರುಗಿದ ಮುಖಗಳು. ಮೊದಲ ಬಕೆಟ್ಟು ಕೆಂಪು ಗುಲಾಬಿ. ಅವಳು ಬಾಯಿ ತೆರೆದಳು.

ದನಿ ಬರಲಿಲ್ಲ.

ಬಕೆಟ್ಟುಗಳ ಮುಂದೆ ಬಂದಿದ್ದ ದನಿ, ಚಿಕ್ಕಮ್ಮನ ಮುಂದೆ ಬಂದಿದ್ದ ದನಿ, ಎಲ್ಲಿಗೆ ಹೋಯಿತೋ. ಯಾರೋ ಕೆಮ್ಮಿದರು. "ಪಾಪ, ಇಳಿಸ್ರಪ್ಪ" ಎಂದರು ಯಾರೋ. ಪಕ್ಕದ ಮಂಡಿಯವನು ಕೈಕಟ್ಟಿಕೊಂಡು ನಗುತ್ತ ನಿಂತಿದ್ದ. ಮೀಸೆಯವರು ನೆಲ ನೋಡತೊಡಗಿದರು, ಅದು ಇನ್ನೂ ಕಷ್ಟವಾಗಿತ್ತು.

ಆಗ ಅರಳೆಯ ಕಣ್ಣು ಕೆಳಗೆ ಬಿತ್ತು. ತಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ನಗಾರಿ ಕೂತಿದ್ದಳು. ಕೂತವಳು ಏಳುತ್ತಿದ್ದಳು. ಸ್ಲೇಟು ನೆಲಕ್ಕೆ ಬಿತ್ತು. ಕುತ್ತಿಗೆಯ ನರ ಉಬ್ಬಿತು, ಗಲ್ಲ ಮೇಲಕ್ಕೆ ಬಂತು, ಎದೆ ತುಂಬ ಗಾಳಿ ಎಳೆದುಕೊಂಡಳು. ಅದನ್ನು ಅರಳೆ ಸಾವಿರ ಸಲ ನೋಡಿದ್ದಾಳೆ. ಅಕ್ಕ ಕೂಗುವ ಮೊದಲು ಹೀಗೇ ಮಾಡುವುದು. ತಂಗಿಯ ಮಾನ ಹೋಗುವುದನ್ನು ನೋಡಲಾರದೆ ಅವಳು ಕೂಗಲು ಹೊರಟಿದ್ದಾಳೆ. ಒಂದೇ ಒಂದು ಸಲ ಕೂಗಿದರೂ ದನಿ ಹೋದೀತು, ಅಂದಿದ್ದರು ಡಾಕ್ಟರು.

ಅರಳೆಯ ಎಡಗೈ ಆಸರೆಗೆ ತಡಕಾಡುತ್ತ ತಾನಾಗಿ ಬೆನ್ನ ಹಿಂದಕ್ಕೆ ಹೋಯಿತು. ಅಲ್ಲಿ ಚಾವಣಿಯ ಕಬ್ಬಿಣದ ಕಂಬವಿತ್ತು. ಕಂಬಕ್ಕೆಲ್ಲ ಒರಟು ಹಸಿರು ಬಣ್ಣ ಬಳಿದಿತ್ತು. ಅವಳ ಕೈ ಹೋಗಿ ಕೂತ ಕಡೆ ಮಾತ್ರ ಬಣ್ಣವೇ ಇರಲಿಲ್ಲ. ಬರೀ ಕಬ್ಬಿಣ, ಸವೆದು ನುಣ್ಣಗಾಗಿತ್ತು. ನಾಲ್ಕು ಬೆರಳು ಹಿಂದೆ, ಹೆಬ್ಬೆರಳು ಮುಂದೆ. ಅವಳ ಎತ್ತರಕ್ಕೆ ಸರಿಯಾಗಿ, ಅವಳ ಹಿಡಿತಕ್ಕೆ ಸರಿಯಾಗಿ. ಅವಳು ಈ ಮೊದಲು ಇಲ್ಲಿ ನಿಂತೇ ಇರಲಿಲ್ಲ.

ಅಯ್ಯೋ ಅಕ್ಕಾ, ಎಂದುಕೊಂಡಳು. ಠೀವಿಯಲ್ಲ ಅದು. ಇಷ್ಟು ವರ್ಷ ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದೆಯಲ್ಲೇ.

"ಅಕ್ಕಾ, ಬಾಯಿ ಮುಚ್ಚು."

ಆ ಕೂಗು ಚಾವಣಿಯ ತಗಡಿಗೆ ಬಡಿದು ಮಾರುಕಟ್ಟೆಯ ಆಚೆ ತುದಿಗೆ ಹೋಯಿತು. ಚಹಾದವನು ಪಾತ್ರೆ ಬಿಟ್ಟು ತಿರುಗಿ ನೋಡಿದ. ನಗಾರಿಯ ಬಾಯಿ ಟಪ್ಪನೆ ಮುಚ್ಚಿತು. ಆಮೇಲೆ ಮೀಸೆಯವರು ಮೊದಲು ನಕ್ಕರು, ಅವರ ಹಿಂದೆ ಹಾರ ಕಟ್ಟುವ ಹೆಂಗಸರು, ಕೊನೆಗೆ ಇಡೀ ಮಾರುಕಟ್ಟೆ ಗೊಳ್ಳೆಂದಿತು. ನಗಾರಿಗೆ ಬಾಯಿ ಮುಚ್ಚು ಅನ್ನುವವರು ಹುಟ್ಟೇ ಇಲ್ಲ ಅಂದುಕೊಂಡಿದ್ದರು ಅವರೆಲ್ಲ.

ಆ ನಗು ಮುಗಿಯುವ ಮೊದಲೇ ಅರಳೆ ಶುರು ಮಾಡಿಬಿಟ್ಟಳು. ಕಂಬ ಬಿಡಲಿಲ್ಲ. ಮೊದಲೆರಡು ಬಕೆಟ್ಟು ಅಕ್ಕನ ಮಾತುಗಳಲ್ಲೇ ಹೋದವು, ಕೈ ಬಿಚ್ಚಿ ಕೂಗಿ ಎನ್ನುವಾಗ ಅವಳಿಗೇ ನಾಚಿಕೆಯಾಯಿತು. ಮೂರನೆಯದು ಬಿಳಿ ಲಿಲ್ಲಿ. ಅದನ್ನು ನೋಡಿದ್ದೇ ತಡ, ಅಕ್ಕನ ಮಾತು ಮರೆತುಹೋಯಿತು.

"ಇದು ಇವತ್ತು ಅರಳಲ್ಲ. ನಾಳೆ ಮಧ್ಯಾಹ್ನದ ಮೇಲೆ. ಇವತ್ತು ಸಂಜೆಗೆ ಬೇಕಾದವರು ಸುಮ್ಮನಿರಿ. ನಾಳೆ ಸಂಜೆ ಕೆಲಸ ಇರೋರು ಮಾತ್ರ ಕೂಗಿ."

ಜನ ಒಂದು ಹೆಜ್ಜೆ ಮುಂದೆ ಬಂದರು. ದನಿ ಅಕ್ಕನದಷ್ಟು ದೊಡ್ಡದಲ್ಲ, ಕೇಳಬೇಕಾದರೆ ಹತ್ತಿರ ಬರಬೇಕು. ಬಂದರು. ಮೀಸೆಯವರಿಗೆ ಮರುದಿನ ಒಂದು ಮದುವೆ ಮಂಟಪದ ಕೆಲಸವಿತ್ತು, ಅವರು ಕೂಗಿದರು, ಇನ್ನೊಬ್ಬರು ಏರಿಸಿದರು. ಒಂದ್ಸಲ, ಎರಡ್ಸಲ, ಮೂರ್ಸಲ. ಅರಳೆಯ ಎದೆ ಕೊನೆಯವರೆಗೂ ಡವಡವ ಅನ್ನುತ್ತಲೇ ಇತ್ತು. ಹೊಡೆದುಕೊಳ್ಳಲಿ ಅಂತ ಬಿಟ್ಟಳು.

ಕೊನೆಯ ಬಕೆಟ್ಟು ಖಾಲಿಯಾಗುವಾಗ ಬಿಸಿಲು ಒಳಗೆ ಬಂದಿತ್ತು. ಹೊಸದಾಗಿ ಅಂಗಡಿ ಇಟ್ಟ, ಹರಾಜಿಗೆ ತಡವಾಗಿ ಬಂದ ಒಬ್ಬ ಗಿರಾಕಿ ಹೂವಿನ ಕಟ್ಟು ಎತ್ತಿಕೊಳ್ಳುತ್ತ, ಬಕೆಟ್ಟುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ ನಗಾರಿಯನ್ನು ನೋಡಿ ಚಿಕ್ಕಮ್ಮನನ್ನು ಕೇಳಿದ. "ಮೇಲೆ ಕೂಗೋರು ಅಕ್ಕ ಅಲ್ವಾ? ಇವರು ತಂಗಿ ಇರಬೇಕು. ಪಾಪ, ತುಂಬ ನಾಚಿಕೆ ಸ್ವಭಾವ, ಒಂದು ಮಾತೂ ಆಡಲ್ಲ."

ಚಿಕ್ಕಮ್ಮ ಉತ್ತರ ಕೊಡಲು ಬಾಯಿ ತೆರೆದಳು. ದಾರದ ಕತೆಯೇ ಬರಬೇಕಿತ್ತು. ಯಾಕೋ ಬರಲಿಲ್ಲ. ನಗಾರಿ ಸ್ಲೇಟು ಎತ್ತಿಕೊಂಡು 'ಹೌದು' ಎಂದು ಬರೆದು ಅವನಿಗೆ ತೋರಿಸಿದಳು.

ಅರಳೆ ಪೆಟ್ಟಿಗೆಯಿಂದ ಇಳಿದಳು. ಅಕ್ಕನ ಕೈ ಹಿಡಿದು ಎಬ್ಬಿಸಿ ಕಂಬದ ಹತ್ತಿರ ಕರೆದುಕೊಂಡು ಹೋದಳು. ಬಣ್ಣ ಹೋದ ಜಾಗದ ಮೇಲೆ ಬೆರಳಿಟ್ಟು ತೋರಿಸಿದಳು. ಯಂತ್ರ ಕೆಟ್ಟಿದೆ ಅನ್ನಲು ಈಗ ನಗಾರಿಗೆ ದನಿಯಿರಲಿಲ್ಲ.

"ಎಷ್ಟು ಸಲ ಆಗ್ತಿತ್ತು ಅಕ್ಕಾ, ಹೆದರಿಕೆ?"

ನಗಾರಿ ಸ್ಲೇಟಿನ ಮೇಲೆ ಏನೋ ಬರೆದು ಸೆರಗಿನಿಂದ ಒರೆಸಿದಳು. ಮತ್ತೆ ಬರೆದಳು, ಒರೆಸಿದಳು. ಮೂರನೆಯ ಸಲ ಬರೆದು ಒರೆಸದೆ ಹಿಡಿದಳು.

'ದಿನಾ.'

ಅದರ ಕೆಳಗೆ, ಜಾಗ ಸಾಲದೆ ಅಂಚಿಗೆ ಒತ್ತಿಕೊಂಡು, ಇನ್ನೊಂದು ಸಾಲು ಬರೆದಳು. ಬಳಪ ಒತ್ತಿ ಒತ್ತಿ ಬರೆದಳು.

'ಕೆಳಗೆ ನೀನಿರ್ತಿದ್ದೆ. ಅದಕ್ಕೇ ಕೂಗೋಕಾಗ್ತಿತ್ತು. ಡ್ರೈವರು ಕೇಳಿದಾಗ ನೀನು ಹೋಗಿಬಿಡ್ತೀಯ ಅಂತ ಹೆದರಿದ್ದು.'

ಅರಳೆ ಅದನ್ನು ಎರಡು ಸಲ ಓದಿದಳು. ಸಿಟ್ಟು ಎಲ್ಲ ಹೋಯಿತು ಅಂತ ಹೇಳಲಾರೆ. ಹೋಗುವಂಥದ್ದೂ ಅಲ್ಲ. ಆದರೆ ಅಕ್ಕನ ಕಣ್ಣಿಂದ ನೀರು ಸುರಿಯುತ್ತಿತ್ತು, ಅತ್ತರೆ ಗಂಟಲಿಗೆ ನೋವಾಗುತ್ತದೆ ಅಂತ ಅರಳೆಗೆ ದಿಗಿಲಾಯಿತು. ಅವಳ ಕೈಯಿಂದ ಸ್ಲೇಟು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

"ನಾಳೆನೂ ಬಾ" ಎಂದಳು. "ಕೆಳಗೆ ಕೂತಿರು. ಎದ್ದೀಯಾ ಜೋಕೆ."

ನಗಾರಿ ತಲೆಯಾಡಿಸಿದಳು. ಚಿಕ್ಕಮ್ಮ ಚಹಾದವನನ್ನು ಕೂಗಿ ಮೂರು ಲೋಟ ಚಹಾ ಅಂದಳು. ಅರಳೆ ತಿರುಗಿ ಅವನಿಗೆ ಹೇಳಿದಳು, ಎರಡು ಚಹಾ, ಒಂದು ಕಾಫಿ.